ಹನ್ನೆರಡನೇ ದಿನದಿಂದ ಅವಳ ಊಟ

ನಮ್ಮ ಕಡೆ ಹುಡುಗಿ ಮೈನೆರೆದರೆ ರಾಜೋಪಚಾರ. ಕೊಬ್ಬರಿ-ಬೆಲ್ಲ, ಎಳ್ಳಿನ ಚಿಗಳಿ, ಮೆಂತ್ಯದ ಹಿಟ್ಟು, ಮೇಲೆ ತುಪ್ಪ. ಸೊಂಟ ಗಟ್ಟಿಯಾಗಲಿ ಅಂತ ಒತ್ತಾಯ ಮಾಡಿ ತಿನ್ನಿಸ್ತಾರೆ. ಒಳ್ಳೇದೇ, ಬೇಡ ಅನ್ನಲ್ಲ. ನನ್ನ ತಕರಾರು ಇರೋದು ಹನ್ನೊಂದು ದಿನ ಮುಗಿದ ಮೇಲಿನದ್ದು. ಅವತ್ತಿಂದ ಮುಟ್ಟು ನಿಲ್ಲೋವರೆಗೆ, ಹೆಚ್ಚುಕಡಿಮೆ ಮೂವತ್ತೈದು ವರ್ಷ, ಅವಳು ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನು ಉಣ್ಣಬೇಕು. ತಿಂಗಳಲ್ಲಿ ಮೂರು ದಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಕಾಲಿಡೋ ಹಾಗೂ ಇಲ್ಲ. ಯಾರಾದರೂ ಬಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಬೇರೆ ಅವತಾರ. ಮೊದಲ ಹದಿನಾಲ್ಕು ದಿನ ಅಗಸೆ, ಕುಂಬಳಬೀಜ; ಆಮೇಲೆ ಎಳ್ಳು, ಸೂರ್ಯಕಾಂತಿ ಬೀಜ ತಿನ್ನಿ, ಹಾರ್ಮೋನು ಸರಿಹೋಗುತ್ತೆ ಅಂತ ಮೊಬೈಲು ಉಪದೇಶ ಮಾಡುತ್ತೆ. ಬೀಜ ಒಳ್ಳೆ ಆಹಾರವೇ. ಆದರೆ ತಾರೀಕು ನೋಡಿ ಬೀಜ ಬದಲಾಯಿಸಿದರೆ ಹಾರ್ಮೋನು ಮಾತು ಕೇಳುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30-40 ಮಿಲಿಲೀಟರ್ ರಕ್ತ ಹೋಗುತ್ತೆ. ಮಿಲಿಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಅಂದರೆ 15-20 ಮಿಲಿಗ್ರಾಂ. ಕಾಳು-ಧಾನ್ಯದ ಊಟದಲ್ಲಿ ದೇಹ ಹೀರಿಕೊಳ್ಳೋದು ಹೆಚ್ಚೆಂದರೆ ಹತ್ತನೇ ಒಂದು ಪಾಲು. ಹೋದದ್ದು ವಾಪಸ್ ಬರಬೇಕಾದರೆ ಸುಮಾರು 200 ಮಿಲಿಗ್ರಾಂ ಹೆಚ್ಚಿಗೆ ತಿನ್ನಬೇಕು. ಮೂರು ದಿನದ ಆರೈಕೆಯಲ್ಲಿ ಇದು ತುಂಬೋ ಮಾತೇ ಅಲ್ಲ, ಇಡೀ ತಿಂಗಳು ಬೇಕು. ಅದಕ್ಕೇ ಐಸಿಎಂಆರ್ 2020ರಲ್ಲಿ ಹೆಂಗಸರಿಗೆ ದಿನಕ್ಕೆ 29, ಗಂಡಸರಿಗೆ 19 ಮಿಲಿಗ್ರಾಂ ಅಂತ ಹೇಳಿದ್ದು. ನಾವು ಬಡಿಸೋದು ತದ್ವಿರುದ್ಧ. ಹುರುಳಿ ಸಾರಿನ ಕಾಳೆಲ್ಲ ಗಂಡಸರ ತಟ್ಟೆಗೆ, ತಿಳಿ ಅವಳಿಗೆ.

ಫಲಿತಾಂಶ ಬೇಕಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ 25. ಮನೆ ಒಂದೇ, ಒಲೆ ಒಂದೇ. ಇದನ್ನು ಬರೀ ಬಡತನ ಅನ್ನೋಕಾಗುತ್ತಾ ಸ್ವಾಮಿ? ಮುಟ್ಟು ಪ್ರಕೃತಿ, ಒಪ್ಪೋಣ. ಕೊನೇ ಪಂಕ್ತಿ ಯಾವ ಪ್ರಕೃತಿ?

ಕೆಂಪಗಿದ್ದದ್ದೆಲ್ಲ ರಕ್ತ ಮಾಡುತ್ತೆ ಅನ್ನೋ ಭ್ರಮೆ ಬೇರೆ. ಬೀಟ್‌ರೂಟಿನಲ್ಲಿ 100 ಗ್ರಾಮಿಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಹುರುಳಿಯಲ್ಲಿ ಎಂಟಕ್ಕೂ ಹೆಚ್ಚು. ರಾಗಿ, ಅಲಸಂದೆ, ನುಗ್ಗೆಸೊಪ್ಪು ಎಲ್ಲ ಹಿತ್ತಲು-ಹೊಲದ್ದೇ. ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲಾ ನೆಲ್ಲಿಕಾಯಿ ಕಚ್ಚಿ, ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಊಟದ ಜೊತೆ ಟೀ ಕುಡಿದರೆ ಹತ್ತಲ್ಲ, ಒಂದು ತಾಸು ತಡೀರಿ. ಮಾಂಸ ತಿನ್ನೋ ಮನೆಯಾದರೆ ಈಲಿಯ ತುಂಡು ಅವಳ ತಟ್ಟೆಗೂ ಬೀಳಲಿ. ಮುಟ್ಟಿಗೆ ಮುಂಚಿನ ವಾರ ಹಸಿವು ಹೆಚ್ಚಾಗೋದು ಸಹಜ. ಆಗ "ಎಷ್ಟು ತಿಂತೀಯೇ" ಅಂತ ಹಂಗಿಸಬೇಡಿ.

ಎಲ್ಲವೂ ಊಟದಿಂದಲೇ ಸರಿಹೋಗಲ್ಲ. ಏಳು ದಿನ ದಾಟಿ ಹೋಗ್ತಾ ಇದ್ದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಹಿಮೋಗ್ಲೋಬಿನ್ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ.

ಅಣ್ಣಂದಿರೇ, ಮುಟ್ಟಿನ ಬಗ್ಗೆ ಭಾಷಣ, ಸ್ಟೇಟಸ್ ಆಮೇಲೆ ಹಾಕಿ. ಇವತ್ತು ರಾತ್ರಿ ಸೌಟು ನೀವು ಹಿಡೀರಿ. ತಳದಿಂದ ಕಲಕಿ, ಕಾಳು ಮೊದಲು ಅವಳಿಗೆ ಬಡಿಸಿ.