ಹೊರಗಿನಾಕಿ

ವ್ಯಾನ್ ಡೈನ್‌ನ 1928ರ ‘ದಿ ಗ್ರೀನ್ ಮರ್ಡರ್ ಕೇಸ್’ ಓದಿ ಹೊಗಳೋರು ಅದರ ಕೊನೆಯ ಮೋಸದ ಬಗ್ಗೆ ಮಾತೇ ಆಡಲ್ಲ. ಸತ್ತ ಅಪ್ಪನ ಉಯಿಲು: 25 ವರ್ಷ ಮಕ್ಕಳು ಅದೇ ಮನೆಯಲ್ಲಿರಬೇಕು, ಇಲ್ಲಾಂದ್ರೆ ಪಾಲಿಲ್ಲ. ಮನೆಯವರೇ ಮನೆಯವರನ್ನ ಕೊಲ್ಲೋಕೆ ಇಷ್ಟು ಸಾಲದೇ? ಸಾಲಲಿಲ್ಲ. ಕೊಲೆಗಾತಿ (ಓದದವರು ಕ್ಷಮಿಸಿ) ಸಾಕುಮಗಳು! ಹೆತ್ತಪ್ಪ ಕೊಲೆಗಡುಕನಂತೆ, ರಕ್ತದಲ್ಲೇ ಬಂತಂತೆ. ಮನೆತನ ಬಚಾವ್.

ನಮ್ಮ ಶಿಗ್ಗಾಂವ ಕಡೆನೂ ಇದೇ ತೀರ್ಪು. ಬದುವಿಗಾಗಿ ಬಡಿದಾಡೋರು ಅಣ್ಣತಮ್ಮರು. ‘ಮನಿ ಮುರಿದಾಕಿ’ ಮಾತ್ರ ಸೊಸಿ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂತು. ಆದರೂ ಪಾಲು ಕೇಳಿದ ಕೂಡಲೇ ಹೆತ್ತ ಮಗಳೂ ಹೊರಗಿನಾಕಿನೇ. ಬೆಂಗಳೂರಲ್ಲಿ ಕೂತು ಕೂಡುಕುಟುಂಬದ ರೀಲ್ಸ್‌ಗೆ ಹಾರ್ಟ್ ಒತ್ತೋ ಗೆಳೆಯರೇ, ನಿಮ್ಮ ಹೊಲದ ಉತಾರದಾಗ ಅಕ್ಕನ ಹೆಸರು ಐತೇನು?