ನತದೃಷ್ಟ ಅಂದ್ರೆ ಏನಣ್ಣ?

ಭಾನುವಾರ ಬೆಳಗ್ಗೆ ಐದೂವರೆಗೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಕೆಳಗೆ ನಿಂತು ನೋಡಿ, ಎರಡು ಥರದ ಸೈಕಲ್ ಕಾಣ್ತವೆ. ಒಂದು, ಹೆಲ್ಮೆಟ್ಟು, ಮಿನುಗೋ ಲೈಟು ಹಾಕಿಕೊಂಡು ಕೆಂಗೇರಿ, ಬಿಡದಿ ಕಡೆ ಹಾರಿಹೋಗೋವು. ಇನ್ನೊಂದು, ಹಿಂದೆ ಮುಂದೆ ಪ್ಲಾಸ್ಟಿಕ್ ಚೀಲ ಹೇರಿಕೊಂಡು ನಮ್ಮ ಗುಜರಿ ಗೋಡೌನುಗಳ ಕಡೆ ತಳ್ಳಿಕೊಂಡು ಬರೋವು. ಈ ಪೋಸ್ಟು ಮೊದಲನೇ ಥರದ ಸೈಕಲ್ ಬಗ್ಗೆ. ಸ್ವಲ್ಪ ಉದ್ದ ಇದೆ, ಸಂಗಾತಿಗಳು ಪೂರ್ತಿ ಓದಿ ಆಮೇಲೆ ಬಯ್ಯಿರಿ.

ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಒಳ್ಳೆಯವನು. ಅವನೂ ಅವನ ಗೆಳೆಯರೂ ಸೇರಿ ಬೆಂಗಳೂರಿನಿಂದ ಊಟಿಗೆ ಸೈಕಲ್‌ನಲ್ಲಿ ಹೋಗೋದು ಅಂತ ತೀರ್ಮಾನ ಮಾಡಿದರು. ಸುಮ್ಮನೆ ಮೋಜಿಗಲ್ಲ, ಒಂದು ಸರ್ಕಾರಿ ಶಾಲೆಗೆ ಕಂಪ್ಯೂಟರ್ ಕೊಡಿಸೋಕೆ. ಹತ್ತಿದ ಒಂದೊಂದು ತಿರುವಿಗೆ ಇಷ್ಟು ಅಂತ ನಮ್ಮಂಥವರು ದುಡ್ಡು ಹಾಕಬೇಕು. ಈ ದಾರಿ ಹೊಸದಲ್ಲ. ಬೆಂಗಳೂರಿನ ಸೈಕಲ್ ಹುಚ್ಚಿನವರು 2008ರಲ್ಲಿ 'ಟೂರ್ ಆಫ್ ನೀಲ್ಗಿರೀಸ್' ಶುರು ಮಾಡಿದ ಮೇಲೆ ನೀಲಗಿರಿ ಏರೋದು ಇಲ್ಲಿನ ಸವಾರರಿಗೆ ಒಂದು ಹರಕೆ ಇದ್ದ ಹಾಗೆ. ಈಗ ಸಣ್ಣ ಪುಟ್ಟ ಗುಂಪುಗಳೂ ಯಾವುದಾದರೂ ಸೇವೆಯ ಹೆಸರು ಹೇಳಿ ಹೊರಡ್ತವೆ.

ಹುಡುಗ ಬಂದು "ಸಾರ್, ನೀವೂ ಏನಾದ್ರೂ ಹಾಕಿ" ಅಂದ. ಐನೂರು ರೂಪಾಯಿ ಹಾಕಿದೆ. ಅವನು ಕಳಿಸಿದ ಪೋಸ್ಟರ್ ನೋಡಿದೆ. ಮೇಲೆ ಮಂಜು ಮುಸುಕಿದ ಘಾಟಿ, ಕೆಳಗೆ ನಾಲ್ಕು ಮಕ್ಕಳ ಫೋಟೋ, 'ನತದೃಷ್ಟ ಮಕ್ಕಳ ಬಾಳಿಗೆ ಬೆಳಕಾಗೋಣ' ಅನ್ನೋ ಸಾಲು. ಚೆನ್ನಾಗಿದೆ ಅಂತ ಬೆರಳು ಒತ್ತಿ ಮುಂದಕ್ಕೆ ಹೋದೆ.

ಎರಡು ದಿನ ಆಯ್ತು. ಸಂಜೆ ಮನೆ ಹತ್ತಿರ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಫೋನ್ ಹಿಡ್ಕೊಂಡು ಬಂದಳು. ಗೋಡೌನಿನಲ್ಲಿ ಪ್ಲಾಸ್ಟಿಕ್ ಆರಿಸೋ ಕೆಲಸ ಮಾಡ್ತಾಳೆ. ಆ ಪೋಸ್ಟರ್ ಶಾಲೆಯ ಪೋಷಕರ ಗ್ರೂಪಿಗೂ ಬಂದಿತ್ತು. ಎಡಗಡೆ ನಿಂತಿದ್ದ ಹುಡುಗಿ ಅವಳ ಮಗಳು!

"ಅಣ್ಣ, ನತದೃಷ್ಟ ಅಂದ್ರೆ ಏನಣ್ಣ? ಮಗಳು ಕೇಳ್ತಾವ್ಳೆ, ನಂಗೆ ಗೊತ್ತಾಗ್ಲಿಲ್ಲ."

"ಅದೃಷ್ಟ ಇಲ್ಲದೋರು ಅಂತ" ಅಂದೆ. ಬೇರೆ ಏನು ಹೇಳಲಿ?

ಅವಳು ಸ್ವಲ್ಪ ಹೊತ್ತು ಫೋಟೋನೇ ನೋಡಿದಳು. "ಫೋಟೋ ಹಿಡೀತಾರೆ ಅಂತ ಹೇಳಿದ್ರೆ ತಲೆ ಬಾಚಿ ಕಳಿಸ್ತಿದ್ನಲ್ಲಣ್ಣ" ಅಂದು ಹೋದಳು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ನಾಚಿಕೆ ಜಾಸ್ತಿ ಇತ್ತು. ಆ ಪದವನ್ನ ನಾನೂ ಓದಿದ್ದೆ. ಇಪ್ಪತ್ತು ವರ್ಷದಿಂದ ಚಳವಳಿಯಲ್ಲಿ ಇರೋನು, ಧರಣಿ, ಕರಪತ್ರ, ಭಾಷಣ ಎಲ್ಲ ಮಾಡಿದೋನು. ನನ್ನ ಕಣ್ಣಿಗೆ ಚುಚ್ಚದೇ ಇದ್ದದ್ದು ಒಂದು ಎಂಟನೇ ಕ್ಲಾಸಿನ ಮಗುವಿಗೆ ಚುಚ್ಚಿತು.

ಸಂಘದ ಗ್ರೂಪಿನಲ್ಲಿ ವಿಷಯ ಹಾಕಿದೆ. ಒಬ್ಬರು ದುಡ್ಡು ವಾಪಸ್ ಕೇಳಿ ಅಂದರು. ಇನ್ನೊಬ್ಬರು ಶಾಲೆ ಮುಂದೆ ಪ್ರತಿಭಟನೆ ಅಂದರು. ಮತ್ತೊಬ್ಬರು, "ಕಂಪ್ಯೂಟರ್ ಬರುತ್ತಲ್ಲ ಬಿಡಿ ಸಾರ್, ಪದ ಇಟ್ಕೊಂಡು ಏನು ಮಾಡ್ತೀರಾ" ಅಂದರು. ಮೂರೂ ನನಗೆ ಒಪ್ಪಿಗೆ ಆಗಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲನೇ ಮಾತು, ಆ ಹುಡುಗರ ಬೆವರು ಸುಳ್ಳಲ್ಲ. ಬಂಡೀಪುರ, ಮುದುಮಲೈ ಕಾಡನ್ನ ವ್ಯಾನಿನಲ್ಲಿ ದಾಟಿ, ಮಸಿನಗುಡಿಯಿಂದ ಮತ್ತೆ ಸೈಕಲ್ ಹತ್ತಬೇಕು. ಮಸಿನಗುಡಿ ಇರೋದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿ, ಊಟಿ 2,240 ಮೀಟರ್. ನಡುವೆ ಕಲ್ಲಹಟ್ಟಿ ಘಾಟಿ, 36 ತಿರುವು. ಕಾರುಗಳೇ ಮೊದಲನೇ ಗೇರಿನಲ್ಲಿ ನರಳಿಕೊಂಡು ಹತ್ತೋ ದಾರಿ ಅದು. ಅದನ್ನ ಕಾಲಿನಲ್ಲಿ ತುಳಿದು ಹತ್ತೋದನ್ನ ಹೀಯಾಳಿಸೋಕೆ ನನಗೆ ಬಾಯಿ ಬರಲ್ಲ.

ಸೈಕಲ್ ನಮಗೇನು ಪರಕೀಯ ಅಲ್ಲ. ಕಾನ್ಶಿರಾಂ ಸಾಹೇಬರು 1983ರಲ್ಲಿ ನೂರು ಜನರ ಜೊತೆ ನಲವತ್ತು ದಿನ ಸೈಕಲ್ ತುಳಿದು ಉತ್ತರ ಭಾರತದ ಕೇರಿಗಳನ್ನ ಎಚ್ಚರಿಸಿದರು. ಅಲ್ಲಿ ಸೈಕಲ್ ತುಳಿದೋರು ಬೇರೆ, ಯಾರಿಗೋಸ್ಕರ ತುಳಿದರೋ ಅವರು ಬೇರೆ ಆಗಿರಲಿಲ್ಲ. ದಾನದ ಸವಾರಿಯಲ್ಲಿ ತುಳಿಯೋರು ಒಬ್ಬರು, ಫೋಟೋದಲ್ಲಿ ಇರೋರು ಇನ್ನೊಬ್ಬರು.

ಎರಡನೇ ಮಾತು, ಆ 'ಅದೃಷ್ಟ'ದ್ದು. ಊಟಿ, ಕೂನೂರು, ಗೂಡಲೂರು ಕಡೆ ಹೋದೋರು ಟೀ ತೋಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ. ಹಸಿರು ಹಾಸಿದ ಹಾಗೆ ಇರುತ್ತೆ. ಅಲ್ಲಿ ಎಲೆ ಕೀಳೋರಲ್ಲಿ ತುಂಬಾ ಜನರ ಅಜ್ಜ, ಮುತ್ತಜ್ಜಂದಿರನ್ನ ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಹಳ್ಳಿಗಳಿಂದ ಸಿಲೋನಿನ ತೋಟಗಳಿಗೆ ಕೂಲಿಗೆ ಸಾಗಿಸಿದ್ದರು. ಅವರಲ್ಲಿ ದೊಡ್ಡ ಪಾಲು ದಲಿತರು. 1964ರಲ್ಲಿ ಶಾಸ್ತ್ರಿ, ಸಿರಿಮಾವೋ ಇಬ್ಬರು ಪ್ರಧಾನಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಐದು ಲಕ್ಷಕ್ಕೂ ಹೆಚ್ಚು ಜನ ಈಕಡೆಗೆ ಅಂತ ಲೆಕ್ಕ ಆಯ್ತು. ಹಾಗೆ ಬಂದೋರಿಗೆ ಕೆಲಸ ಕೊಡೋಕೆ ಅಂತಲೇ 1968ರಲ್ಲಿ ತಮಿಳುನಾಡು ಸರ್ಕಾರ ನೀಲಗಿರಿಯಲ್ಲಿ ಟಾನ್‌ಟೀ ತೋಟಗಳನ್ನ ಶುರು ಮಾಡಿತು. ಹುಟ್ಟಿದ ದೇಶದಿಂದ ಎದ್ದು ಬಂದು, ನೋಡದೇ ಇದ್ದ ಬೆಟ್ಟದ ಚಳಿಯಲ್ಲಿ ಮತ್ತೆ ಲೈನ್ ಮನೆ, ಮತ್ತೆ ಬುಟ್ಟಿ. ಇದು ಅದೃಷ್ಟವಾ? ಅಲ್ಲಿ ಪ್ರತಿಯೊಂದಕ್ಕೂ ಕಾಗದ ಇದೆ, ಸಹಿ ಇದೆ, ಲಾಭ ಮಾಡಿಕೊಂಡೋರು ಇದ್ದಾರೆ.

'ನತದೃಷ್ಟ' ಅಂದ ತಕ್ಷಣ ಆ ಸಹಿ ಹಾಕಿದ ಕೈ ಮಾಯ ಆಗುತ್ತೆ. ನಾನು ಜಗಳ ಆಡ್ತಿರೋದು ಬರೀ ಪದಕ್ಕಲ್ಲ, ಇದಕ್ಕೆ. ಬಾಬಾಸಾಹೇಬರು 1932ರ ನವೆಂಬರ್‌ನಲ್ಲಿ ಲಂಡನ್‌ಗೆ ಹೋಗೋ ಹಡಗಿನಿಂದ ಠಕ್ಕರ್ ಬಾಪಾಗೆ ಬರೆದ ಪತ್ರ ನಿಮಗೆಲ್ಲ ಗೊತ್ತಿರೋದೇ. ಬೆರಳೆಣಿಕೆಯ ಜನರನ್ನ ಆರಿಸಿ ಉದ್ಧಾರ ಮಾಡೋದಲ್ಲ, ಬಾವಿ, ಶಾಲೆ, ಉದ್ಯೋಗದಲ್ಲಿ ಎಲ್ಲರ ಹಕ್ಕಿಗೆ ಹೋರಾಡಿ ಅನ್ನೋದು ಅದರ ಸಾರ. ಉತ್ತರ ಬರಲಿಲ್ಲ. ತೊಂಬತ್ತು ವರ್ಷ ದಾಟಿದರೂ ಅದೇ ಪತ್ರ ಮತ್ತೆ ಬರೀಬೇಕಾಗಿದೆ.

ಹಕ್ಕು ಅಂದ್ರೆ ಗಾಳಿ ಮಾತಲ್ಲ, ಲೆಕ್ಕ ಇದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಪಾಲು ಬಜೆಟ್‌ನಲ್ಲಿ ನಮ್ಮದು ಅಂತ ಕಾನೂನೇ ಹೇಳಿತು. ದುಡ್ಡನ್ನ ಬೇರೆ ಕಡೆ ತಿರುಗಿಸೋಕೆ ದಾರಿ ಮಾಡಿದ್ದ 7(ಡಿ) ಕಲಮನ್ನ ಹೋರಾಟದ ಮೇಲೆ 2023ರಲ್ಲಿ ತೆಗೆದರು. ಆದರೂ 2024-25ರಲ್ಲಿ ಈ ಬಾಬ್ತಿನ 39,121 ಕೋಟಿಯಲ್ಲಿ 14,282 ಕೋಟಿಯನ್ನ ಗ್ಯಾರಂಟಿಗಳಿಗೆ ತೋರಿಸಿದರು. ನಾನು ಗ್ಯಾರಂಟಿ ವಿರೋಧಿ ಅಲ್ಲ. ನಮ್ಮ ಮನೆ ಹೆಂಗಸರೂ ಶಕ್ತಿ ಬಸ್ಸು ಹತ್ತುತ್ತಾರೆ. ಎಲ್ಲ ಜಾತಿಯವರಿಗೂ ಕೊಡೋದನ್ನ ಎಲ್ಲರ ಖಜಾನೆಯಿಂದ ಕೊಡಿ, ನಮ್ಮ ಮಕ್ಕಳ ಶಾಲೆ, ಹಾಸ್ಟೆಲ್ಲಿನ ಪಾಲಿಗೆ ಕೈ ಹಾಕಬೇಡಿ ಅನ್ನೋದಷ್ಟೇ. ಅಲ್ಲಿ ಸಾವಿರಾರು ಕೋಟಿ ಕೈಬಿಟ್ಟು, ಇಲ್ಲಿ ಆರು ಕಂಪ್ಯೂಟರ್‌ಗೆ ಯಾರೋ ಘಾಟಿ ಹತ್ತೋದನ್ನ ಕಾಯ್ತಾ ಕೂತಿದ್ದೀವಿ.

ಹಿಂದೆ ಹೀಗಿರಲಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಮಾಗಡಿ ಕಡೆ ಹಳ್ಳಿಯಲ್ಲಿರೋ ನನ್ನ ಅಕ್ಕನ ಮಗಳು ಆ ಸೈಕಲ್‌ನಲ್ಲೇ ಹೈಸ್ಕೂಲ್ ಮುಗಿಸಿದಳು. ಅವಳ ಫೋಟೋ ಯಾರೂ ಕೇಳಲಿಲ್ಲ, ಅವಳನ್ನ ನತದೃಷ್ಟೆ ಅನ್ನಲಿಲ್ಲ. ಕೋವಿಡ್ ವರ್ಷದಲ್ಲಿ ಅದೂ ನಿಂತಿತು. ನಿಂತಾಗ ನಾವು ಎಷ್ಟು ಜನ ಬೀದಿಗೆ ಬಂದೆವು? ನನ್ನನ್ನೂ ಸೇರಿಸಿ ಕೇಳ್ತಿದ್ದೀನಿ.

ಮೂರನೇ ಮಾತು. ಬೆಟ್ಟ ಹತ್ತೋದು ನಮ್ಮ ಮಕ್ಕಳಿಗೂ ಬೇಕು. ಬರೀ ಕಂಪ್ಯೂಟರ್ ಸಾಕಾಗಲ್ಲ. 2014ರ ಮೇ 25ರಂದು ಮಾಲಾವತ್ ಪೂರ್ಣ ಅನ್ನೋ ಆದಿವಾಸಿ ಹುಡುಗಿ ಎವರೆಸ್ಟ್ ತುದಿಯಲ್ಲಿ ನಿಂತಳು. ಹದಿನಾಲ್ಕು ಇನ್ನೂ ತುಂಬಿರಲಿಲ್ಲ. ಜೊತೆಗಿದ್ದ ಆನಂದ್ ಕುಮಾರ್ ದಲಿತ ಹುಡುಗ, ಸೈಕಲ್ ರಿಪೇರಿ ಮಾಡೋರ ಮಗ. ಅಲ್ಲಿ ಬಾಬಾಸಾಹೇಬರ ಫೋಟೋ ಹಿಡಿದರು. ಇಬ್ಬರೂ ಆಗಿನ ಆಂಧ್ರದ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಆ ಶಾಲೆಗಳ ಕಾರ್ಯದರ್ಶಿ ಆರ್.ಎಸ್. ಪ್ರವೀಣ್ ಕುಮಾರ್ ಈ ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಅನ್ನಲಿಲ್ಲ. ಭುವನಗಿರಿ ಬಂಡೆ ಹತ್ತಿಸಿದರು, ಡಾರ್ಜಿಲಿಂಗ್‌ಗೆ, ಲಡಾಖ್‌ಗೆ ತರಬೇತಿಗೆ ಕಳಿಸಿದರು. ಅದು ಸರ್ಕಾರದ ಶಾಲೆ, ಅಂದ್ರೆ ನಮ್ಮದೇ ದುಡ್ಡು. ಅವರ ಹೆಸರಲ್ಲಿ ಯಾರೋ ಬೆಟ್ಟ ಹತ್ತಲಿಲ್ಲ, ಅವರೇ ಹತ್ತಿದರು.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಆ ಹುಡುಗನಿಗೆ ಹೇಳಿದೆ. ಮುಖ ಸಣ್ಣ ಮಾಡಿಕೊಂಡ. "ಸಾರ್, ಉದ್ದೇಶ ಒಳ್ಳೇದಿತ್ತು" ಅಂದ. ಇತ್ತು, ಇಲ್ಲ ಅನ್ನಲ್ಲ. ಅವತ್ತೇ ಫೋಟೋ ತೆಗೆಸಿದ. ಭಾನುವಾರ ನಮ್ಮ ಬೀದಿಗೆ ಬಂದು ಆ ತಾಯಿ ಹತ್ತಿರ "ತಪ್ಪಾಯ್ತಕ್ಕ" ಅಂದ. ಅವಳು ಟೀ ಕೊಟ್ಟು ಕಳಿಸಿದಳು. 'ಮಕ್ಕಳಿಗೆ ಇದನ್ನ ಕೊಡಬೇಕಾದ್ದು ಸರ್ಕಾರ' ಅನ್ನೋ ಸಾಲು ಪೋಸ್ಟರ್‌ನಲ್ಲಿ ಹಾಕಿ ಅಂತ ಕೇಳಿದ್ದೆ. ಅವನ ಗುಂಪಿನವರು ರಾಜಕೀಯ ಬೇಡ ಅಂದರಂತೆ. 'ನತದೃಷ್ಟ' ತೆಗೆದು 'ಪ್ರತಿಭಾವಂತ' ಅಂತ ಹಾಕಿದರು. ಘಾಟಿ ಹತ್ತಿ ಬಂದರು. ಆರು ಕಂಪ್ಯೂಟರ್ ಬಂತು, ಹೋಗಿ ನೋಡಿದೆ, ಕೆಲಸ ಮಾಡ್ತಿವೆ. ಸಂತೋಷ.

ಸವಾರಿ ಹೊರಡೋ ಗೆಳೆಯರಿಗೆ ಇಷ್ಟೇ ಕೇಳಿಕೆ. ಮಕ್ಕಳ ಫೋಟೋ ಬೇಕಿದ್ದರೆ ಅವರ ಅಪ್ಪ ಅಮ್ಮನ್ನ ಕೇಳಿ. ಯಾರ ಪಾಲು ಯಾರು ಕೊಡಬೇಕಿತ್ತು ಅಂತ ಒಂದು ಸಾಲು ಬರೀರಿ. ಮುಂದಿನ ಸಲ ಒಂದು ಸೈಕಲ್ ಜಾಸ್ತಿ ತಗೊಂಡು ನಮ್ಮ ಮಕ್ಕಳನ್ನೂ ಕರ್ಕೊಂಡು ಹೋಗಿ.

ನಮ್ಮವರಿಗೆ ಒಂದು ಕೆಲಸ. ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆ ಹತ್ತಿರ ಸೇರೋಣ. ಆ ಶಾಲೆಗೆ, ಸುತ್ತಲಿನ ಹಾಸ್ಟೆಲ್‌ಗಳಿಗೆ ಮೂರು ವರ್ಷದಲ್ಲಿ ಎಸ್‌ಸಿಎಸ್‌ಪಿ ಹಣ ಎಷ್ಟು ಬಂತು, ಎಲ್ಲಿ ಹೋಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೀಬೇಕು. ಅರ್ಜಿ ಬರೆಯೋದು ನನ್ನ ದಿನದ ಕಸುಬು, ಅದರ ಚಿಂತೆ ಬಿಡಿ. ಸಹಿ ಹಾಕೋಕೆ ಜನ ಬೇಕು. ಆ ತಾಯಿ ಮೊದಲನೇ ಸಹಿ ನನ್ನದೇ ಅಂದಿದ್ದಾಳೆ. ಆಫೀಸಿನ ಹುಡುಗನೂ ಬರ್ತೀನಿ ಅಂದಿದ್ದಾನೆ, ಸೈಕಲ್‌ನಲ್ಲಿ.

ಜೈ ಭೀಮ್.