ಹಳೆಯ ಆಟಿಕೆಯ ತುಂಡು ಮತ್ತು ನಮ್ಮ ಬೋಧನೋಪಕರಣ

ಅಭ್ಯಾಸ ಬೋಧನೆಯ ದಿನಗಳು ಹತ್ತಿರ ಬಂದಂತೆ ನಾವು ಪ್ರಶಿಕ್ಷಣಾರ್ಥಿಗಳು ಥರ್ಮೋಕೋಲ್, ಮಿನುಗು ಕಾಗದ, ಚಾರ್ಟ್‌ಗಳಿಗಾಗಿ ಅಂಗಡಿ ಸುತ್ತುತ್ತೇವೆ. ಪಾಠ ಮುಗಿದ ಮೇಲೆ ಅವು ಮೂಲೆ ಸೇರುತ್ತವೆ. ವೀಕ್ಷಣಾ ಪತ್ರದಲ್ಲಿ ಉಪಕರಣದ ಅಂದಕ್ಕೆ ಅಂಕವಿದೆ. ಮಗು ಅದನ್ನು ಮುಟ್ಟಿತೇ, ಅಳೆಯಿತೇ, ಅದರ ಬಗ್ಗೆ ತಕರಾರು ತೆಗೆಯಿತೇ ಎಂಬುದಕ್ಕೆ ಅಂಕವಿಲ್ಲ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ಅನಿಸಿಕೆ. ಅದನ್ನು ಹೇಳಲು ಒಂದು ಹವ್ಯಾಸದ ಉದಾಹರಣೆ ತೆಗೆದುಕೊಳ್ಳುತ್ತೇನೆ.

ಬ್ರಿಟನ್, ಅಮೆರಿಕಗಳಲ್ಲಿ ಮಾದರಿ ರೈಲು ಕಟ್ಟುವುದು ಹಳೆಯ ಹವ್ಯಾಸ. ಹಳಿ, ಇಂಜಿನ್‌ಗಳನ್ನು ಕೊಂಡರೂ ಸುತ್ತಲಿನ ದೃಶ್ಯವನ್ನೂ ವ್ಯಾಗನ್ನಿನ ಸರಕನ್ನೂ ಹಲವರು ಮನೆಯಲ್ಲಿ ಬಿದ್ದಿರುವ ಹಳೆಯ ಜೋಡಣೆ ಆಟಿಕೆಗಳ ತುಂಡುಗಳಿಂದಲೇ ಮಾಡಿಕೊಳ್ಳುತ್ತಾರೆ. ಈ ಎರಡು ಆಟಿಕೆಗಳ ನಂಟು ಹಳೆಯದು. ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ ತೂತುಗಳಿರುವ ಲೋಹದ ಪಟ್ಟಿಗಳ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದರು. 1907ರಲ್ಲಿ ಅದಕ್ಕೆ ಮೆಕ್ಯಾನೊ ಎಂಬ ಹೆಸರು ಬಂತು. 1920ರಲ್ಲಿ ಅದೇ ಕಂಪನಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲುಗಳನ್ನೂ ಮಾರುಕಟ್ಟೆಗೆ ತಂದಿತು.

ಗಣಿತ ಶಿಕ್ಷಕರಿಗೆ ಇಲ್ಲಿ ಸಿಗುವ ವಿಷಯ ಪ್ರಮಾಣ. ಎಚ್‌ಒ ಎಂಬ ಹೆಚ್ಚು ಬಳಕೆಯ ಅಳತೆಯಲ್ಲಿ ಮಾದರಿಗೂ ನಿಜಕ್ಕೂ ಇರುವ ಅನುಪಾತ 1:87. ನಿಜದಲ್ಲಿ 1435 ಮಿ.ಮೀ. ಅಂತರದ ಹಳಿ ಮಾದರಿಯಲ್ಲಿ 16.5 ಮಿ.ಮೀ. ಆಗುತ್ತದೆ. ಆಟಿಕೆಯ ತುಂಡನ್ನಾದರೋ ಈ ಪ್ರಮಾಣ ನೋಡಿ ಮಾಡಿದ್ದಲ್ಲ. ಹಾಗಾಗಿ ಅದನ್ನು ವ್ಯಾಗನ್ನಿನ ಮೇಲೆ ಇಟ್ಟ ಕೂಡಲೇ ಪ್ರಶ್ನೆ ಹುಟ್ಟುತ್ತದೆ: 87 ಪಟ್ಟು ದೊಡ್ಡದು ಮಾಡಿದರೆ ಇದು ಏನಾಗುತ್ತದೆ?

ಮೆಕ್ಯಾನೊದ ಐದೂವರೆ ಇಂಚಿನ ಎಲ್ ಆಕಾರದ ಪಟ್ಟಿ 139.7 ಮಿ.ಮೀ. ಉದ್ದ. 87ರಿಂದ ಗುಣಿಸಿದರೆ 12 ಮೀಟರ್‌ಗೆ ತುಸು ಹೆಚ್ಚು. ಸೇತುವೆಗೆ ಸಾಗಿಸುವ ಉಕ್ಕಿನ ತೊಲೆಯೆಂದು ನಂಬಬಹುದು. ಆದರೆ ಅದರ ತೂತು ಸುಮಾರು 4 ಮಿ.ಮೀ., ಅಂದರೆ ನಿಜದಲ್ಲಿ ಹತ್ತಿರ ಹತ್ತಿರ 35 ಸೆಂ.ಮೀ. ರಿವೆಟ್ಟಿನ ತೂತಿನಲ್ಲಿ ಮನುಷ್ಯನ ತಲೆ ತೂರುತ್ತದೆ! ಒಂದಿಂಚಿನ ಎರಡು ರಾಟೆಗಳ ನಡುವೆ ಕಪ್ಪು ದಾರ ಸುತ್ತಿದರೆ 2.2 ಮೀಟರ್ ವ್ಯಾಸದ ಕೇಬಲ್ ಉರುಳೆ ಸಿಗುತ್ತದೆ. ಇದು ಚೆನ್ನಾಗಿಯೇ ಹೊಂದುತ್ತದೆ.

ಲೆಗೊ ಇಟ್ಟಿಗೆಯಿಂದ ಸರಕಿನ ಕಂಟೇನರ್ ಮಾಡುವ ಪ್ರಶ್ನೆ ಇನ್ನೂ ಸೊಗಸಾದದ್ದು. ಇಟ್ಟಿಗೆಯ ಮೇಲಿನ ಒಂದು ಉಬ್ಬಿನ ನಡುವಿನಿಂದ ಮುಂದಿನದರ ನಡುವಿಗೆ 8 ಮಿ.ಮೀ.; ಉಬ್ಬು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿ.ಮೀ. ಇಪ್ಪತ್ತು ಅಡಿಯ ಕಂಟೇನರ್ ನಿಜದಲ್ಲಿ 6.06 ಮೀಟರ್ ಉದ್ದ, 2.44 ಮೀಟರ್ ಅಗಲ, 2.59 ಮೀಟರ್ ಎತ್ತರ. ಮೂರು ಇಟ್ಟಿಗೆ ಪೇರಿಸಿದರೆ ಎತ್ತರ 2.51 ಮೀಟರ್ ಆಗುತ್ತದೆ. ಒಂಬತ್ತು ಉಬ್ಬಿನಷ್ಟು ಉದ್ದಕ್ಕೆ ಜೋಡಿಸಿದರೆ 6.26 ಮೀಟರ್. ಎರಡರಲ್ಲೂ ವ್ಯತ್ಯಾಸ ಶೇ. 3ರಿಂದ 4ರೊಳಗೆ. ಅಗಲಕ್ಕೆ ಬಂದಾಗ ಮಾತ್ರ ಪೇಚು: ನಾಲ್ಕು ಉಬ್ಬು ಇಟ್ಟರೆ 2.78 ಮೀಟರ್, ಮೂರು ಇಟ್ಟರೆ 2.09 ಮೀಟರ್. ಒಂದು ಸುಮಾರು ಶೇ. 14ರಷ್ಟು ಹೆಚ್ಚು, ಇನ್ನೊಂದು ಅಷ್ಟೇ ಕಡಿಮೆ. ಯಾವುದನ್ನು ಆರಿಸುವುದು? ಇದಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರವಿಲ್ಲ. ಮಕ್ಕಳೇ ವಾದ ಹೂಡಬೇಕು, ಕಾರಣ ಕೊಡಬೇಕು. ಶೇಕಡಾ ದೋಷ ಎಂಬ ಪರಿಕಲ್ಪನೆಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಯಾವುದಿದೆ?

ವಿಜ್ಞಾನದವರಿಗೂ ಇಲ್ಲಿ ಕೆಲಸವಿದೆ. ಉದ್ದ 87ರಲ್ಲಿ ಒಂದು ಪಾಲಾದರೆ ಗಾತ್ರ 87ರ ಘನದಲ್ಲಿ, ಅಂದರೆ 6,58,503ರಲ್ಲಿ ಒಂದು ಪಾಲು. ಸಾಂದ್ರತೆ ಅದೇ ಇದ್ದರೆ 60 ಟನ್ ಸರಕು ಮಾದರಿಯಲ್ಲಿ 91 ಗ್ರಾಂ ತೂಗಬೇಕು. ಮಕ್ಕಳು ಮೊದಲು ಊಹಿಸಲಿ, ಆಮೇಲೆ ತಕ್ಕಡಿಗೆ ಇಡಲಿ.

ನನ್ನ ವಾದ ಇಷ್ಟು: ಅಂಗಡಿಯಿಂದ ತಂದ, ಎಲ್ಲವೂ ಸರಿಯಾಗಿರುವ ಮಾದರಿ ಮಗುವಿಗೆ ಕೆಲಸವನ್ನೇ ಉಳಿಸುವುದಿಲ್ಲ. ಸ್ವಲ್ಪ ಹೊಂದಿ ಸ್ವಲ್ಪ ಹೊಂದದ ತುಂಡು ಅಳತೆಪಟ್ಟಿ ಹಿಡಿಯುವಂತೆ ಮಾಡುತ್ತದೆ. ಪಾಠ ಇರುವುದು ಆ ಹೊಂದದ ಭಾಗದಲ್ಲಿ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು, ನಾವು ಪಾಠಕ್ಕೆ ಹೋಗುವ ಶಾಲೆಗಳ ಬಹುಪಾಲು ಮಕ್ಕಳ ಮನೆಯಲ್ಲಿ ಲೆಗೊ, ಮೆಕ್ಯಾನೊ ಇರುವುದಿಲ್ಲ. ನಿಜ. ‘ನಿಮ್ಮ ಮನೆಯ ಹಳೆಯ ಆಟಿಕೆ ತನ್ನಿ’ ಎಂದು ತರಗತಿಯಲ್ಲಿ ಹೇಳುವುದೇ ಕೆಲವರಿಗೆ ನೋವಾಗುವ ಮಾತು. ಹಾಗೆ ಹೇಳಲೇಬಾರದು, ಸಾಮಗ್ರಿ ನಮ್ಮ ಕಡೆಯಿಂದ ಹೋಗಬೇಕು. ಬೆಂಕಿಕಡ್ಡಿಯಾದರೂ ಸಾಕು. ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜ್ಯಾಮಿತಿಯ ಆಕೃತಿಗಳನ್ನು ಕಟ್ಟಿ ತೋರಿಸಿ ದಶಕಗಳೇ ಆದವು. ನಮ್ಮ ಬ್ರಾಡ್‌ಗೇಜ್ ಹಳಿಯ ಸ್ಲೀಪರ್ 2.75 ಮೀಟರ್ ಉದ್ದ. 1:87ರಲ್ಲಿ ಅದು 32 ಮಿ.ಮೀ.ಗೆ ತುಸು ಕಡಿಮೆ. ಮದ್ದಿನ ತಲೆ ತೆಗೆದು ಆ ಅಳತೆಗೆ ಕತ್ತರಿಸಿದ ಕಡ್ಡಿಗಳ ಕಟ್ಟು ಒಂದು ವ್ಯಾಗನ್ ಮರದ ಸ್ಲೀಪರ್ ಆಗುತ್ತದೆ.

ಎರಡನೆಯದು, ‘ಆಟಿಕೆ ತಂದರೆ ತರಗತಿ ಸಂತೆಯಾಗುತ್ತದೆ, ನಲವತ್ತು ನಿಮಿಷದಲ್ಲಿ ಪಾಠ ಮುಗಿಯುವುದಿಲ್ಲ’ ಎಂಬುದು. ಸದ್ದು ಆಗುತ್ತದೆ. ಆದರೆ ಗುಂಪಿಗೆ ಒಂದೇ ತುಂಡು, ಒಂದೇ ಅಳತೆಪಟ್ಟಿ, ಒಂದೇ ಪ್ರಶ್ನೆ ಕೊಟ್ಟರೆ ಆ ಸದ್ದು ವಿಷಯದ ಸುತ್ತಲೇ ಇರುತ್ತದೆ. ಗುಂಪಿಗೆ ಡಬ್ಬಿ ತುಂಬ ತುಂಡು ಸುರಿದರೆ ಮಾತ್ರ ಅದು ಬರೀ ಆಟವಾಗುತ್ತದೆ. ಈ ವ್ಯತ್ಯಾಸ ಪಾಠಯೋಜನೆಯಲ್ಲೇ ಕಾಣಬೇಕು.

ಮೂರನೆಯದು ಸುರಕ್ಷತೆ. ಬಹಳ ಹಳೆಯ ಲೋಹದ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು; ಅಂಚು ಚೂಪಾಗಿರಬಹುದು. ಬಣ್ಣ ಏಳುತ್ತಿರುವ ತುಂಡು ಬೇಡ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಸಣ್ಣ ತುಂಡು ಕೊಡಲೇಬಾರದು. ಕಡ್ಡಿಯ ಮದ್ದು ತೆಗೆಯುವುದು ನಮ್ಮ ಕೆಲಸ, ಮಕ್ಕಳದ್ದಲ್ಲ.

ಕೊನೆಗೆ ಎರಡು ಕೋರಿಕೆ. ಒಂದು, ವಿಧಾನ ಬೋಧಕರಲ್ಲಿ: ವೀಕ್ಷಣಾ ಪತ್ರದಲ್ಲಿ ಉಪಕರಣದ ಅಂದದ ಸಾಲಿನ ಪಕ್ಕದಲ್ಲಿ ‘ಈ ಉಪಕರಣದಿಂದ ಮಕ್ಕಳು ಕೇಳಿದ ಪ್ರಶ್ನೆಗಳು’ ಎಂಬ ಸಾಲು ಸೇರಿಸಿ. ಅದು ಖಾಲಿ ಉಳಿದರೆ ಎಷ್ಟೇ ಮಿನುಗು ಕಾಗದ ಅಂಟಿಸಿದ್ದರೂ ಅಂಕ ಕಡಿಮೆಯಾಗಲಿ. ಇನ್ನೊಂದು, ಸಹಪಾಠಿಗಳಲ್ಲಿ: ಗಣಿತ ಪ್ರಯೋಗಾಲಯದಲ್ಲಿ ಒಂದು ಪೆಟ್ಟಿಗೆ ಇಡೋಣ. ಜೋಡಿ ತಪ್ಪಿದ ಇಟ್ಟಿಗೆ, ತುಕ್ಕಿಲ್ಲದ ಪಟ್ಟಿ, ರಾಟೆ, ಗಿಯರ್, ಏನಿದ್ದರೂ ಅದರಲ್ಲಿ ಬೀಳಲಿ. ಪ್ರತಿ ತುಂಡಿನ ಅಳತೆಯನ್ನು ಚೀಟಿಯಲ್ಲಿ ಬರೆದಿಡುವುದು ಬೇಡ. ಅಳೆಯುವ ಕೆಲಸವನ್ನು ಮಕ್ಕಳಿಗೇ ಬಿಡೋಣ.